ಲೋಲಾ ಬೇಬಿ

ಮಕಿಲಿಂಗ್ ಬೆಟ್ಟದ ಬುಡದ ಆ ಬೀದಿಯಲ್ಲಿ ಬೇಬಿ ಎಂದರೆ ಎಂಬತ್ತರ ಹತ್ತಿರದ ಅಜ್ಜಿ. ನೆರೆತ ಕೂದಲನ್ನು ಹಿಂದಕ್ಕೆ ಬಾಚಿ ಪುಟ್ಟ ಗಂಟು ಕಟ್ಟಿಕೊಂಡು, ಹೂವಿನ ಅಚ್ಚಿನ ಸಡಿಲ ಗೌನು ತೊಟ್ಟು, ಬೆಳಕು ಹರಿಯುವ ಹೊತ್ತಿಗೆ ಹಿಡಿಸೂಡಿ ಹಿಡಿದು ಅಂಗಳಕ್ಕೆ ಇಳಿದುಬಿಡುತ್ತಿದ್ದರು. ರಾತ್ರಿ ಉದುರಿದ ಮಾವಿನೆಲೆ, ಹಲಸಿನೆಲೆ ಒಂದೂ ಉಳಿಯಬಾರದು. ಗುಡಿಸುತ್ತಲೇ ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುವರು. ಬಿಸಿ ಬ್ರೆಡ್ಡು ಮಾರುವ ಸೈಕಲ್ ಹುಡುಗ, ಮೊದಲ ಪೂಜೆಗೆ ಚರ್ಚಿಗೆ ಹೊರಟ ಹೆಂಗಸರು, ಜೀಪ್ನಿ ಗಾಡಿಗೆ ಕಾದು ನಿಂತ ಕಾಲೇಜು ಮಕ್ಕಳು, ಎಲ್ಲರ ಬಾಯಲ್ಲೂ ಅವರು ಬೇಬಿಯೇ.

ಮನಿಲಾದಿಂದ ದಕ್ಷಿಣಕ್ಕೆ 60 ಕಿ.ಮೀ. ದಾಟಿದರೆ ಸಿಗುವ ಊರು ಲೋಸ್ ಬಾನ್ಯೋಸ್. ಒಂದು ಕಡೆ ಕಾಡು ಹೊದ್ದ ಮಕಿಲಿಂಗ್, ಇನ್ನೊಂದು ಕಡೆ ಕಣ್ಣಳತೆ ಮೀರಿದ ಲಗೂನಾ ಸರೋವರ, ನಡುವೆ ನೆಲದಿಂದ ಉಕ್ಕುವ ಬಿಸಿನೀರ ಬುಗ್ಗೆಗಳು. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1960ರಲ್ಲಿ ಹುಟ್ಟಿದ್ದು ಇಲ್ಲಿಯೇ. ಭತ್ತದ ಬೆನ್ನು ಹತ್ತಿ ಬಂದ ನಮ್ಮ ಕಡೆಯ ಕೃಷಿ ವಿಜ್ಞಾನಿಗಳು ಈ ಊರಿಗೆ ಹೊಸಬರಲ್ಲ. ನನ್ನ ಯಜಮಾನರೂ ಅದೇ ದಾರಿ ಹಿಡಿದು ಬಂದವರು. ಅವರಿಗೆ ಗದ್ದೆ, ಪ್ರಯೋಗಾಲಯ. ನನಗೆ ಬಾಡಿಗೆ ಮನೆ, ಪಕ್ಕದ ಬೇಲಿ, ಬೇಲಿಯಾಚೆಗೆ ಲೋಲಾ ಬೇಬಿ.

ಲೋಲಾ ಎಂದರೆ ಅಜ್ಜಿ, ಲೋಲೊ ಎಂದರೆ ಅಜ್ಜ. ಸ್ಪ್ಯಾನಿಷರ ಅಬುವೆಲಾ, ಅಬುವೆಲೊ ಈ ನಾಡಿನ ಮಕ್ಕಳ ಬಾಯಲ್ಲಿ ಸವೆದು ಹೀಗಾದವು. ಬೇಬಿಯಂತೂ ಅಮೆರಿಕನ್ನರು ಬಿಟ್ಟುಹೋದದ್ದು. ಮುನ್ನೂರು ವರ್ಷಕ್ಕೂ ಮಿಕ್ಕಿ ಆಳಿದ ಸ್ಪೇನ್ ಒಂದು ಮಾತು ಕೊಟ್ಟಿತು, 1898ರಿಂದ 1946ರ ತನಕ ಇದ್ದ ಅಮೆರಿಕ ಇನ್ನೊಂದು ಕೊಟ್ಟಿತು. ಎರಡನ್ನೂ ಜೋಡಿಸಿ ಒಬ್ಬ ಅಜ್ಜಿಯನ್ನು ಕರೆದವರು ಮಾತ್ರ ಈ ಮನೆಯವರು. ಆ ಕರೆಯಲ್ಲಿ ದೊರೆಗಳ ನೆನಪಿಲ್ಲ, ಅಜ್ಜಿಯ ನೆನಪಷ್ಟೇ ಇದೆ. ಇದು ನನಗೆ ತುಂಬ ಹಿಡಿಸಿತು.

ಕನ್ನಡದ ಕಿವಿಗೆ ಬೇಬಿ ಎಂಬ ಅಜ್ಜಿ ತೀರ ಅಪರಿಚಿತಳೂ ಅಲ್ಲ. ಬೇಬಿ ಚಿಕ್ಕಮ್ಮ, ಪುಟ್ಟಜ್ಜಿ, ಪಾಪಣ್ಣ, ಮರಿಯಪ್ಪ ನಮ್ಮ ಊರುಗಳಲ್ಲೂ ಬೇಕಾದಷ್ಟು. ಮೂರು ಮಕ್ಕಳ ತಂದೆಯಾದ ಮೇಲೂ ಪಾಪಣ್ಣ ಪಾಪಣ್ಣನೇ. ಆದರೆ ಫಿಲಿಪೀನ್ಸಿನಲ್ಲಿ ಈ ಮುದ್ದುಹೆಸರು ಮನೆಯ ಹೊಸಿಲಲ್ಲಿ ನಿಲ್ಲುವುದಿಲ್ಲ. ಕಚೇರಿಗೆ ಬರುತ್ತದೆ, ಮದುವೆಯ ಕಾಗದಕ್ಕೆ ಬರುತ್ತದೆ, ಚುನಾವಣೆಯ ಮತಪತ್ರಕ್ಕೂ ಬರುತ್ತದೆ. ಬೆನಿಗ್ನೊ ಅಕೀನೊ ದೇಶಕ್ಕೆಲ್ಲ ನೊಯ್‌ನೊಯ್, ಕಿರಿಯ ಫರ್ಡಿನಾಂಡ್ ಮಾರ್ಕೋಸ್ ಬೊಂಗ್‌ಬೊಂಗ್. ಇಬ್ಬರೂ ರಾಷ್ಟ್ರಾಧ್ಯಕ್ಷರಾದವರು. ಬಾಯ್ ಎಂಬ ಹೆಸರಿನ ಅಜ್ಜಂದಿರು, ಗರ್ಲಿ ಎಂಬ ಅಜ್ಜಿಯರು ಎಲ್ಲ ಬೀದಿಯಲ್ಲೂ ಇದ್ದಾರೆ. ತೊಟ್ಟಿಲಲ್ಲಿ ಕರೆದ ಹೆಸರನ್ನು ಯಾರೂ ನಾಚಿಕೆಯಿಂದ ಬಚ್ಚಿಡುವುದಿಲ್ಲ.

ಬೇಬಿ ಎಂಬುದರ ಹಿಂದೆ ಏನು ಸೇರಿಸುತ್ತಾರೆ ಎನ್ನುವುದರಲ್ಲಿ ಕರೆಯುವವರ ಗುರುತೆಲ್ಲ ಇರುತ್ತಿತ್ತು. ತರಕಾರಿಯವಳು ಬೇಲಿಯ ಹತ್ತಿರ ನಿಂತು ‘ಆಲಿಂಗ್ ಬೇಬಿ’ ಎನ್ನುವಳು. ಹಿರಿಯ ಹೆಂಗಸರನ್ನು ನೆರೆಹೊರೆಯವರು ಮರ್ಯಾದೆಯಿಂದ ಕರೆಯುವ ರೀತಿ ಅದು. ಸ್ವಲ್ಪ ಕಿರಿಯ ಸಂಬಂಧಿಕರಿಗೆ ‘ಆತೆ ಬೇಬಿ’, ಅಂದರೆ ಬೇಬಿ ಅಕ್ಕ. ಅವರ ಮಕ್ಕಳಿಗೆ ‘ತೀತಾ ಬೇಬಿ’, ಬೇಬಿ ಅತ್ತೆ. ಮೊಮ್ಮಕ್ಕಳಿಗೆ, ಮೊಮ್ಮಕ್ಕಳ ಗೆಳೆಯರಿಗೆ, ಆ ಗೆಳೆಯರ ಗೆಳೆಯರಿಗೂ ‘ಲೋಲಾ ಬೇಬಿ’. ಬೇಲಿಯ ಈಚೆ ಕೂತು ಬರೀ ಕರೆಗಳನ್ನು ಕೇಳಿಸಿಕೊಂಡೇ ಯಾರು ಬಂದರು, ಅವರಿಗೂ ಈ ಮನೆಗೂ ಏನು ನಂಟು ಎಂದು ನಾನು ಹೇಳಬಲ್ಲವಳಾಗಿದ್ದೆ.

ಇವೆಲ್ಲಕ್ಕಿಂತ ಚಿಕ್ಕ ಕರೆ ಒಂದಿತ್ತು. ‘ಲಾ!’ ಶಾಲೆಯಿಂದ ಬಂದ ಮೊಮ್ಮಗಳು ಗೇಟು ತಳ್ಳುತ್ತಲೇ ಹಾಕುತ್ತಿದ್ದ ಕೂಗು ಅದು. ಲೋಲಾ ಎಂಬುದರ ಕೊನೆಯ ತುಣುಕು. ಹಸಿವಾಗಿದೆ, ಬಂದೆ, ಎಲ್ಲಿದ್ದೀ, ಇವತ್ತು ಏನು ಮಾಡಿದ್ದೀ ಎಲ್ಲವೂ ಆ ಒಂದು ಅಕ್ಷರದಲ್ಲೇ. ಒಳಗಿನಿಂದ ಉತ್ತರ ಬರುವ ಮೊದಲೇ ಬಟ್ಟಲಿನ ಸದ್ದು ಬರುತ್ತಿತ್ತು. ಆದರೆ ಊಟವಾಗಿ, ಪಾಠವಾಗಿ, ಅಜ್ಜಿಯ ಬೆನ್ನಿಗೆ ಒರಗಿ ಕೂತಾಗ ಮಾತ್ರ ಹುಡುಗಿ ಪೂರ್ತಿ ಹೆಸರು ಹಿಡಿದು ಕರೆಯುತ್ತಿದ್ದಳು: ಲೋಲಾ ಬೇಬಿ. ಬೇಕಾದ್ದನ್ನು ಕೇಳಲು ಲಾ ಸಾಕು. ಏನೂ ಬೇಡದಿದ್ದಾಗ ಕರೆಯಲು ಇಡೀ ಹೆಸರು.

ಅಜ್ಜಿಗೆ ಕಾಗದದ ಹೆಸರೊಂದು ಇಲ್ಲದೆ ಇಲ್ಲ. ಹುಟ್ಟಿದ ದಿನದ ಸಂತರ ಹೆಸರು, ಅಮ್ಮನ ತವರಿನ ಹೆಸರು, ಅಪ್ಪನ ಮನೆತನದ ಹೆಸರು ಎಲ್ಲ ಸೇರಿ ಬಹಳ ಉದ್ದ. ಚರ್ಚಿನ ದಾಖಲೆಯಲ್ಲಿ, ಪಿಂಚಣಿಯ ಪುಸ್ತಕದಲ್ಲಿ, ಔಷಧಿ ಚೀಟಿಯಲ್ಲಿ ಅದು ಇತ್ತು. ಬಾಯಲ್ಲಿ ಯಾರಿಗೂ ಇರಲಿಲ್ಲ.

ಈ ನಾಡಿನಲ್ಲಿ ಕಾಗದದ ಹೆಸರಿಗೆ ತನ್ನದೇ ಒಂದು ಚರಿತ್ರೆಯಿದೆ. 1849ರ ನವೆಂಬರಿನಲ್ಲಿ ಸ್ಪೇನಿನ ಗವರ್ನರ್ ಜನರಲ್ ನಾರ್ಸಿಸೊ ಕ್ಲಾವೆರಿಯಾ ಒಂದು ಆಜ್ಞೆ ಹೊರಡಿಸಿದ. ಪ್ರತಿಯೊಂದು ಮನೆಗೂ ಮನೆತನದ ಹೆಸರಿರಬೇಕು, ಇಲ್ಲದಿದ್ದರೆ ತೆರಿಗೆ ಲೆಕ್ಕ, ಜನಗಣತಿ ನಡೆಯುವುದಿಲ್ಲ. ಅಕ್ಷರಾನುಕ್ರಮದಲ್ಲಿ ಸಾವಿರಾರು ಹೆಸರುಗಳ ಪುಸ್ತಕವೇ ಅಚ್ಚಾಯಿತು. ಅದರ ಹಾಳೆಗಳು ಊರೂರಿಗೆ ಹಂಚಿಕೆಯಾದವು. ಯಾವ ಊರಿಗೆ ಯಾವ ಅಕ್ಷರದ ಹಾಳೆ ಬಂತೋ ಆ ಊರಿನ ಮನೆಗಳಿಗೆ ಆ ಅಕ್ಷರದ ಹೆಸರು. ಆಲ್ಬಾಯ್ ಪ್ರಾಂತದ ಓವಾಸ್ ಎಂಬ ಊರಿನಲ್ಲಿ ಇವತ್ತಿಗೂ ‘ರ’ಕಾರದಿಂದ ಶುರುವಾಗುವ ಮನೆತನಗಳೇ ಹೆಚ್ಚು. ಹೆಸರನ್ನು ಹೀಗೆ ಮೇಲಿನಿಂದ ಹಂಚಿಸಿಕೊಂಡ ಜನ ಮನೆಯೊಳಗೆ ಮುದ್ದುಹೆಸರನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಮುದ್ದುಹೆಸರನ್ನು ಯಾವ ಗವರ್ನರನೂ ಹಾಳೆಯಲ್ಲಿ ಕಳಿಸಲಾರ.

ಲೋಸ್ ಬಾನ್ಯೋಸಿನ ಪಕ್ಕದ ಊರೇ ಕಲಂಬಾ. ಫಿಲಿಪೀನ್ಸಿನ ರಾಷ್ಟ್ರವೀರ ಹೊಸೆ ರಿಸಾಲ್ 1861ರಲ್ಲಿ ಹುಟ್ಟಿದ್ದು ಅಲ್ಲಿ. ಮತ್ತೆ ಕಟ್ಟಿ ನಿಲ್ಲಿಸಿದ ಅವನ ಮನೆ ಈಗ ವಸ್ತುಸಂಗ್ರಹಾಲಯ. ಒಂದು ಭಾನುವಾರ ಲೋಲಾ ಬೇಬಿ, ಮೊಮ್ಮಗಳು, ನಾನು ಜೀಪ್ನಿ ಹತ್ತಿ ಹೋಗಿದ್ದೆವು. ಹನ್ನೊಂದು ಮಕ್ಕಳ ತುಂಬುಮನೆ ಅದು. ಅಲ್ಲಿಯ ಮಂಚ, ಕನ್ನಡಿ, ಬಾವಿಗಿಂತ ಹೆಚ್ಚಾಗಿ ನನ್ನನ್ನು ಹಿಡಿದದ್ದು ಆ ಮಕ್ಕಳನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರುಗಳು. ದೇಶಕ್ಕಾಗಿ 1896ರಲ್ಲಿ ಗುಂಡಿಗೆ ಎದೆಯೊಡ್ಡಿದ ಹೊಸೆ ಅಕ್ಕಂದಿರಿಗೆ ಪೇಪೆ. ಹಿರಿಯಕ್ಕ ಸತುರ್ನಿನಾ ನೆನೆಂಗ್, ನಾರ್ಸಿಸಾ ಸಿಸಾ, ಒಲಿಂಪಿಯಾ ಇಪಿಯಾ, ಮರಿಯಾ ಬಿಯಾಂಗ್. ತಂಗಿಯರಲ್ಲಿ ಹೊಸೆಫಾ ಪಂಗ್ಗೊಯ್, ತ್ರಿನಿದಾದ್ ತ್ರಿನಿಂಗ್, ಕಿರಿಯವಳು ಸೊಲೆದಾದ್ ಚೊಲೆಂಗ್. ಅವರಮ್ಮ ತೆಯೊದೊರಾ ಊರವರಿಗೆಲ್ಲ ದೋನ್ಯಾ ಲೊಲಾಯ್. ಲೋಲಾ ಬೇಬಿ ಈ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಹೋದಾಗ ನನಗೆ ಚರಿತ್ರೆಯ ಪುಸ್ತಕ ಮುಚ್ಚಿ ಅಡುಗೆಮನೆಯ ಬಾಗಿಲು ತೆರೆದಂತಾಯಿತು. ಪ್ರತಿಮೆಯ ರಿಸಾಲನಿಗೆ ಕೈಮುಗಿಯಬಹುದು. ಪೇಪೆಯನ್ನು ಊಟಕ್ಕೆ ಕರೆಯಬಹುದು.

ಯಜಮಾನರ ಭತ್ತದ ಲೋಕದಲ್ಲೂ ಇಂಥದ್ದೇ ಎರಡು ಬಗೆಯ ಹೆಸರುಗಳು. ಸಂಸ್ಥೆಯ ತಣ್ಣನೆಯ ಕೋಣೆಗಳಲ್ಲಿ 1,30,000ಕ್ಕೂ ಹೆಚ್ಚು ಬಗೆಯ ಭತ್ತದ ಬೀಜ ಮಲಗಿವೆ, ಪ್ರತಿಯೊಂದಕ್ಕೂ ಒಂದು ಸಂಖ್ಯೆ. 1966ರಲ್ಲಿ ಅಲ್ಲಿಂದ ಹೊರಬಿದ್ದು ಏಷ್ಯಾದ ಹಸಿವನ್ನು ತಗ್ಗಿಸಿದ ತಳಿಗೂ ಐಆರ್ 8 ಎಂಬ ಸಂಖ್ಯೆಯೇ ಹೆಸರು. ಆದರೆ ನಮ್ಮ ರಾಜಮುಡಿ, ರತ್ನಚೂಡಿ, ಗಂಧಸಾಲೆ, ಉಪ್ಪುನೀರಿನಲ್ಲೂ ತಲೆಯೆತ್ತುವ ಕಗ್ಗ, ಇವಕ್ಕೆ ಹೆಸರಿಟ್ಟವರು ಉತ್ತು ಬಿತ್ತಿ ಉಂಡವರು. ಸಂಖ್ಯೆ ಬೀಜವನ್ನು ಕಾಪಾಡುತ್ತದೆ, ಅದಿಲ್ಲದಿದ್ದರೆ ಅಷ್ಟು ಬೀಜದ ನಡುವೆ ಯಾವುದು ಯಾವುದೆಂದು ತಿಳಿಯದು. ಆದರೆ ಗದ್ದೆಯಲ್ಲಿ ಬೆಳೆಯುತ್ತಿರುವಷ್ಟು ಕಾಲ, ಒಲೆಯ ಮೇಲೆ ಬೇಯುತ್ತಿರುವಷ್ಟು ಕಾಲ ಅದನ್ನು ಕರೆಯುವುದು ಮನೆಯ ಹೆಸರಿನಿಂದಲೇ. ಯಾರೂ ಬಿತ್ತದೆ ಹೋದರೆ ಆ ಹೆಸರೂ ಹೋಗುತ್ತದೆ. ಮನುಷ್ಯರ ಮುದ್ದುಹೆಸರಿನ ಆಯಸ್ಸೂ ಇಷ್ಟೇ. ಅದು ಕರೆಯುವವರು ಇರುವ ತನಕ.

ಲೋಲಾ ಬೇಬಿಗೆ ಆ ಹೆಸರಿಟ್ಟವರು ಅಕ್ಕಂದಿರು. ದೊಡ್ಡ ಸಂಸಾರದ ಕೊನೆಯ ಕೂಸು ಅವರು. ಅವರ ಬಾಲ್ಯ ಜಪಾನೀಯರ ಆಕ್ರಮಣದ ಕಾಲ. 1945ರ ಫೆಬ್ರವರಿ 23ರಂದು ಅಮೆರಿಕದ ಸೈನಿಕರು, ಫಿಲಿಪಿನೊ ಗೆರಿಲ್ಲಾಗಳು ಸೇರಿ ಇದೇ ಊರಿನ ಕೃಷಿ ಕಾಲೇಜಿನ ಆವರಣದಲ್ಲಿದ್ದ ಜಪಾನಿ ಬಂದೀಖಾನೆಯಿಂದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಬಿಡಿಸಿದರು. ಲೋಕ ಹೊಗಳಿದ ಸಾಹಸ ಅದು. ಆದರೆ ಬಿಡಿಸಿದವರು ಹಿಂದಿರುಗಿದ ಮೇಲೆ ಜಪಾನಿ ಪಡೆ ಊರಿನ ಮೇಲೆ ಸೇಡು ತೀರಿಸಿಕೊಂಡಿತು. ನೂರಾರು ಮಂದಿ ಊರವರು ಸತ್ತರು. ಆ ದಿನಗಳಲ್ಲಿ ಲೋಲಾ ಬೇಬಿಯ ಮನೆಯವರು ಮಕಿಲಿಂಗ್ ಕಾಡಿಗೆ ಹತ್ತಿ ಅಡಗಿದ್ದರು. ಹಿರಿಯಕ್ಕ ಸೊಂಟದ ಮೇಲೆ ಇವರನ್ನು ಕೂರಿಸಿಕೊಂಡು ಹತ್ತಿದ್ದಳಂತೆ. ಕಾಡಿನಲ್ಲಿ ಅಳುವಂತಿಲ್ಲ, ಸದ್ದಾದರೆ ಎಲ್ಲರಿಗೂ ಅಪಾಯ. ಅಕ್ಕ ಕಿವಿಗೆ ಬಾಯಿಟ್ಟು ‘ತಹಾನ್ ನಾ, ಬೇಬಿ’ ಎನ್ನುತ್ತಲೇ ಇದ್ದಳಂತೆ. ಅಳಬೇಡ, ಸಾಕು, ಬೇಬಿ. ಕಾಡಿನದು, ಹಸಿವಿನದು ಬೇರೆ ಯಾವ ನೆನಪೂ ಅಜ್ಜಿಗೆ ಸ್ಪಷ್ಟವಾಗಿ ಉಳಿದಿರಲಿಲ್ಲ. ಆ ಪಿಸುಮಾತು ಮಾತ್ರ ಉಳಿದಿತ್ತು.

ಒಬ್ಬೊಬ್ಬರಾಗಿ ಆ ಅಕ್ಕಂದಿರು, ಅಣ್ಣಂದಿರು ಹೋದರು. ನಾವು ಆ ಬೀದಿಗೆ ಹೋಗುವ ಹೊತ್ತಿಗೆ ಅವರಲ್ಲಿ ಯಾರೂ ಉಳಿದಿರಲಿಲ್ಲ.

ಮೊಮ್ಮಗಳ ತಾಯಿ ಕೊಲ್ಲಿ ದೇಶವೊಂದರಲ್ಲಿ ನರ್ಸು. ಫಿಲಿಪೀನ್ಸಿನಲ್ಲಿ ಇದು ಮನೆಮನೆಯ ಮಾತು. 1974ರ ಕಾರ್ಮಿಕ ಸಂಹಿತೆಯೊಂದಿಗೆ ಸರ್ಕಾರವೇ ಮುಂದೆ ನಿಂತು ಜನರನ್ನು ಹೊರದೇಶದ ಕೆಲಸಗಳಿಗೆ ಕಳಿಸತೊಡಗಿತು. ಇವತ್ತು ಹಾಗೆ ಹೊರಗೆ ದುಡಿಯುವವರು 20 ಲಕ್ಷಕ್ಕೂ ಹೆಚ್ಚು. ಅವರು ಕಳಿಸುವ ಹಣದಿಂದ ಮನೆಗಳು ತಾರಸಿ ಕಂಡವು, ಮಕ್ಕಳು ಕಾಲೇಜು ಕಂಡರು. ಹಿಂದೆ ಉಳಿದ ಮಕ್ಕಳನ್ನು ಎತ್ತಿ ಆಡಿಸಿ, ಜ್ವರದಲ್ಲಿ ರಾತ್ರಿ ಕೂತು, ಶಾಲೆಯ ಸಭೆಗೆ ಹೋಗಿ ಬೆಳೆಸಿದವರು ಲೋಲಾಗಳು. ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಬಂದುಹೋಗುವ ಹಣದ ಲೆಕ್ಕ ಇರುತ್ತದೆ. ಈ ಅಜ್ಜಿಯರ ದುಡಿಮೆಯ ಲೆಕ್ಕವನ್ನು ಇಟ್ಟವರು ಮೊಮ್ಮಕ್ಕಳು ಮಾತ್ರ. ಕೆಲವು ಮನೆಗಳಲ್ಲಿ ಮಕ್ಕಳು ಅಜ್ಜಿಯನ್ನೇ ನಾನಾಯ್ ಎಂದು ಕರೆದುಬಿಡುತ್ತಾರೆ, ಅಂದರೆ ಅಮ್ಮ. ದೂರದಲ್ಲಿರುವ ಹೆತ್ತವಳು ಮಾಮಾ ಅಥವಾ ಮಮ್ಮಿ. ಇನ್ನು ಕೆಲವರು ಮಮ್ಮಿಯನ್ನೂ ಲೋಲಾವನ್ನೂ ಕೂಡಿಸಿ ಮಮ್ಮಿಲಾ ಎನ್ನುತ್ತಾರೆ. ಎರಡು ಜನರ ಕೆಲಸ ಮಾಡಿದವರಿಗೆ ಎರಡು ಹೆಸರೂ ಸಲ್ಲಬೇಕೆಂಬ ನ್ಯಾಯ ಮಕ್ಕಳಿಗೆ ತಾನಾಗಿ ಹೊಳೆದಿರುತ್ತದೆ.

ನಮ್ಮ ಪಕ್ಕದ ಮನೆಯ ಹುಡುಗಿ ಹಾಗೆ ಕರೆದವಳಲ್ಲ. ಅವಳಿಗೆ ಅಮ್ಮ ಅಮ್ಮನೇ, ಲೋಲಾ ಲೋಲಾನೇ. ಒಂದು ಮಧ್ಯಾಹ್ನ ನಾವು ಮೂವರೂ ಅವರ ಹಿತ್ತಿಲಿನಲ್ಲಿ ಕೂತು ಸುಮಾನ್ ಕಟ್ಟುತ್ತಿದ್ದೆವು. ನೆನೆಸಿದ ಅಂಟು ಅಕ್ಕಿಯನ್ನು ತೆಂಗಿನ ಹಾಲು, ಉಪ್ಪು ಹಾಕಿ ಅರೆ ಬೇಯಿಸಿ, ಬೆಂಕಿಯಲ್ಲಿ ಬಾಡಿಸಿದ ಬಾಳೆಲೆಯಲ್ಲಿ ಬೆರಳುದ್ದ ಸುತ್ತಿ, ಬಾಳೆನಾರಿನಿಂದ ಜೋಡಿ ಜೋಡಿ ಕಟ್ಟಿ, ಮತ್ತೆ ಬೇಯಿಸುವುದು. ಮಲೆನಾಡಿನಲ್ಲಿ ಬಾಳೆಲೆ ಬಾಡಿಸಿ ಕಡುಬು ಕಟ್ಟಿ ಬೆಳೆದ ನನ್ನ ಕೈ ಆ ಕೆಲಸಕ್ಕೆ ತಾನಾಗಿ ಹೊಂದಿಕೊಂಡಿತು. ಅಜ್ಜಿ ಒಲೆ ನೋಡಲು ಎದ್ದು ಹೋದಾಗ ನಾನು ಹುಡುಗಿಯನ್ನು ಕೇಳಿದೆ: ನಿನ್ನ ಗೆಳತಿಯರೆಲ್ಲ ಅವರವರ ಅಜ್ಜಿಯರನ್ನು ಬರೀ ಲೋಲಾ ಎನ್ನುತ್ತಾರೆ, ನೀನು ಮಾತ್ರ ಯಾಕೆ ಒಮ್ಮೊಮ್ಮೆ ಪೂರ್ತಿ ಲೋಲಾ ಬೇಬಿ ಎನ್ನುತ್ತೀ?

ಅವಳು ಎಲೆಯಿಂದ ಕಣ್ಣೆತ್ತದೆ ಹೇಳಿದಳು: “ತೀತಾ, ಅವರನ್ನ ಬೇಬಿ ಅಂತ ಸಾಕಿದವರು ಯಾರೂ ಈಗ ಇಲ್ಲವಲ್ಲ. ಹೊರಗಿನವರು ಬೇಬಿ ಅಂತಾರೆ, ಅದು ಬರೀ ಹೆಸರು. ಮನೆಯೊಳಗೆ ಯಾರಾದರೂ ಅನ್ನಬೇಕಲ್ಲ. ಅಕ್ಕಂದಿರು ಅಂತಿದ್ದ ಹಾಗೆ.”

ಹದಿನಾರರ ಹುಡುಗಿ ಅಷ್ಟನ್ನು ಅಷ್ಟು ಸುಲಭವಾಗಿ ಹೇಳಿ ಇನ್ನೊಂದು ಎಲೆ ಎತ್ತಿಕೊಂಡಳು. ನಾನು ಅವಳ ಮುಖವನ್ನೇ ನೋಡಿದೆ. ಮೊಮ್ಮಕ್ಕಳಿಗೆ ಅಜ್ಜಿಯಿಂದ ಬರುವ ಆಸ್ತಿಯೆಂದರೆ ಚಿನ್ನ, ಸೀರೆ, ಅಡುಗೆ, ಕಥೆ ಎಂದು ಎಣಿಸುತ್ತೇವೆ. ಇವಳಿಗೆ ಬಂದದ್ದು ಒಂದು ಹೊಣೆ. ಸೊಂಟದ ಮೇಲೆ ಕೂರಿಸಿಕೊಂಡು ಬೆಟ್ಟ ಹತ್ತಿದ ಅಕ್ಕನ ಹೊಣೆ. ಎಂಬತ್ತರ ಮುದುಕಿಯೊಳಗೆ ಯಾರದೋ ಮುದ್ದಿನ ಕೂಸು ಇನ್ನೂ ಇದೆ, ಅದನ್ನು ದಿನಕ್ಕೊಮ್ಮೆಯಾದರೂ ಯಾರಾದರೂ ಮಾತಾಡಿಸಬೇಕು. ಇಡೀ ದಿನ ಅಜ್ಜಿಯ ಕೈಯಿಂದ ಆರೈಕೆ ಪಡೆಯುವ ಮೊಮ್ಮಗಳು ಬೇಬಿ ಎನ್ನುವಷ್ಟು ಹೊತ್ತು ತಾನೇ ಅಕ್ಕನಾಗುತ್ತಾಳೆ. ಅಜ್ಜಿ ಆಗ ‘ಓ’ ಎನ್ನುತ್ತಿದ್ದ ದನಿ ಬೇರೆಯೇ ಇರುತ್ತಿತ್ತು. ತರಕಾರಿಯವಳಿಗೆ ಓಗೊಡುವ ದನಿಯಲ್ಲ ಅದು.

ಒಬ್ಬ ಅಜ್ಜಿಯನ್ನು ಮುದ್ದುಹೆಸರಿನಿಂದ ಕರೆದು ತಾನು ಮೊಮ್ಮಗುವಾಗುವುದು ಈ ನಾಡಿನ ಮನೆಗಳಲ್ಲಷ್ಟೇ ನಡೆದಿಲ್ಲ. ನಾಡಿಗೆ ನಾಡೇ ಹಾಗೆ ಮಾಡಿದೆ. 1925ರಲ್ಲಿ ಲಿವಾಯ್‌ವಾಯ್ ಎಂಬ ತಾಗಾಲೋಗ್ ಭಾಷೆಯ ವಾರಪತ್ರಿಕೆಯಲ್ಲಿ ಲೋಲಾ ಬಸ್ಯಾಂಗ್ ಎಂಬ ಅಜ್ಜಿ ಕಥೆ ಹೇಳಲು ಶುರುಮಾಡಿದಳು. ರಾಜಕುಮಾರರು, ಮಾಯದ ಕೊಳಲು, ಹಾರುವ ಕುದುರೆಗಳ ಆ ಕಥೆಗಳನ್ನು ಬರೆಯುತ್ತಿದ್ದವರು ದೊಡ್ಡ ನಾಟಕಕಾರ ಸೆವೆರಿನೊ ರೇಯೆಸ್. ಸಂಜೆ ಹೊತ್ತು ಮನೆಯವರನ್ನೂ ನೆರೆಯ ಮಕ್ಕಳನ್ನೂ ಸುತ್ತ ಕೂರಿಸಿಕೊಂಡು ಕಥೆ ಹೇಳುತ್ತಿದ್ದ ಹೆರ್ವಾಸಿಯಾ ಎಂಬ ನಿಜದ ಮುದುಕಿಯ ಮುದ್ದುಹೆಸರನ್ನೇ ಅವರು ತೆಗೆದುಕೊಂಡಿದ್ದರು. ಅರವತ್ತು ದಾಟಿದ, ಹೆಸರಾಂತ ಲೇಖಕರು ತಮ್ಮ ಹೆಸರನ್ನು ಪಕ್ಕಕ್ಕಿಟ್ಟು ಅಜ್ಜಿಯ ಹೆಸರಿನ ಕೆಳಗೆ ಕೂತರು. ಕಥೆ ಮಕ್ಕಳಿಗೆ ತಲುಪಬೇಕಾದರೆ ಹೇಳುವವರು ಲೋಲಾ ಆಗಿರಬೇಕೆಂದು ಅವರಿಗೆ ತಿಳಿದಿತ್ತು. ಲೋಲಾ ಬೇಬಿ ಆ ಕಥೆಗಳನ್ನು ಕೇಳಿ ಬೆಳೆದವರು. ಮೊಮ್ಮಗಳಿಗೂ ಅವನ್ನೇ ಹೇಳಿದ್ದರು.

ಇನ್ನೊಬ್ಬರು ಮೆಲ್ಚೋರಾ ಅಕೀನೊ. ಹುಟ್ಟಿದ್ದು 1812ರಲ್ಲಿ. 1896ರಲ್ಲಿ ಸ್ಪೇನಿನ ವಿರುದ್ಧ ಕತಿಪುನಾನ್ ಸಂಘಟನೆಯವರು ಎದ್ದಾಗ ಎಂಬತ್ತನಾಲ್ಕರ ಈ ಅಂಗಡಿಯಮ್ಮ ಹಸಿದು ಬಂದ ಹೋರಾಟಗಾರರಿಗೆ ಅನ್ನ ಹಾಕಿದರು, ಗಾಯಗೊಂಡವರಿಗೆ ಜಾಗ ಕೊಟ್ಟರು. ಆಳುವವರು ಅವರನ್ನು ಹಿಡಿದು ದೂರದ ಗುವಾಮ್ ದ್ವೀಪಕ್ಕೆ ಗಡೀಪಾರು ಮಾಡಿದರು. 1903ರಲ್ಲಿ ಹಿಂತಿರುಗಿ ಬಂದ ಅವರು 1919ರಲ್ಲಿ, ನೂರೇಳನೆಯ ವಯಸ್ಸಿನಲ್ಲಿ ತೀರಿಕೊಂಡರು. ಜನ ಅವರನ್ನು ನೆನೆಯುವುದು ತಂದಾಂಗ್ ಸೋರಾ ಎಂದು. ಮುದುಕಿ ಸೋರಾ ಎಂದಷ್ಟೇ ಅದರ ಅರ್ಥ. ಆ ಮುಖ ಐದು ಸೆಂಟಿಮೊ ನಾಣ್ಯದ ಮೇಲೆ ಬಂತು, ಆ ಹೆಸರು ಕೆಜೋನ್ ಸಿಟಿಯ ದೊಡ್ಡ ರಸ್ತೆಯೊಂದಕ್ಕೆ ಬಂತು. ಬಿರುದುಗಳನ್ನು ಬೇಕಾದಷ್ಟು ಕೊಡಬಹುದಿತ್ತು. ಜನ ಅವರನ್ನು ಮುದ್ದುಹೆಸರಲ್ಲೇ ಇಟ್ಟುಕೊಂಡರು, ಅನ್ನ ಉಂಡವರು ಕರೆಯುವ ರೀತಿಯಲ್ಲಿ.

ಮೂರನೆಯವರನ್ನು ನೆನೆದಾಗ ಮಾತು ಭಾರವಾಗುತ್ತದೆ. 1992ರಲ್ಲಿ ಮರಿಯಾ ರೋಸಾ ಹೆನ್ಸನ್ ಎಂಬ ಹಿರಿಯ ಹೆಂಗಸು ಎಲ್ಲರೆದುರು ನಿಂತು, ಯುದ್ಧದ ಕಾಲದಲ್ಲಿ ಜಪಾನಿ ಸೈನಿಕರು ತನ್ನನ್ನು ಸೆರೆಯಲ್ಲಿಟ್ಟು ಲೈಂಗಿಕ ದಾಸ್ಯಕ್ಕೆ ದೂಡಿದ್ದನ್ನು ಹೇಳಿದರು. ಹಾಗೆ ಬಹಿರಂಗವಾಗಿ ಹೇಳಿದ ಮೊದಲ ಫಿಲಿಪಿನೊ ಮಹಿಳೆ ಅವರು. ಐವತ್ತು ವರ್ಷ ನುಂಗಿಕೊಂಡ ಮಾತು. ಅವರ ನಂತರ ಒಬ್ಬೊಬ್ಬರಾಗಿ ಬೇರೆಯವರು ಮುಂದೆ ಬಂದರು. ಪಂಪಾಂಗಾದ ಮಪಾನಿಕಿ ಎಂಬ ಹಳ್ಳಿಯಲ್ಲಿ 1944ರ ನವೆಂಬರಿನಲ್ಲಿ ಅಂಥದೇ ಕ್ರೌರ್ಯಕ್ಕೆ ಸಿಕ್ಕ ಹೆಂಗಸರು ಒಟ್ಟುಗೂಡಿ ಮಲಾಯಾ ಲೋಲಾಸ್ ಎಂದು ತಮ್ಮನ್ನು ಕರೆದುಕೊಂಡರು. ಬಿಡುಗಡೆ ಹೊಂದಿದ ಅಜ್ಜಿಯರು ಎಂದು. ಇಂಥ ಹೆಂಗಸರಿಗೆ ಜಗತ್ತು ಬಳಸುತ್ತಿದ್ದ ‘ಕಂಫರ್ಟ್ ವುಮನ್’ ಎಂಬ ಮಾತು ಸೈನ್ಯದವರು ಕೊಟ್ಟದ್ದು. ಆ ಮಾತನ್ನು ಬಾಯಲ್ಲಿ ತರಲಾರದೆ ಫಿಲಿಪೀನ್ಸಿನ ಹುಡುಗ ಹುಡುಗಿಯರು, ವಕೀಲರು, ಪತ್ರಕರ್ತರು ಅವರನ್ನು ಲೋಲಾ ಎಂದರು. ಲೋಲಾ ರೋಸಾ. ಹಾಗೆ ಕರೆದ ಮೇಲೆ ಕರೆದವರು ಸುಮ್ಮನಿರುವಂತಿಲ್ಲ. ಅಜ್ಜಿಗೆ ಆದದ್ದನ್ನು ಮೊಮ್ಮಕ್ಕಳು ಕೇಳಲೇಬೇಕು. ನ್ಯಾಯಾಲಯ, ಬೀದಿ, ವಿಶ್ವಸಂಸ್ಥೆ ಎಂದು ಅವರು ಕೇಳುತ್ತಲೇ ಹೋದರು. ಮಲಾಯಾ ಲೋಲಾಗಳ ಹಕ್ಕನ್ನು ಅವರ ಸರ್ಕಾರವೇ ಕಾಯಲಿಲ್ಲವೆಂದು ವಿಶ್ವಸಂಸ್ಥೆಯ ಮಹಿಳಾ ಹಕ್ಕುಗಳ ಸಮಿತಿ 2023ರಲ್ಲಿ ಹೇಳಿತು. ಅಷ್ಟು ಹೊತ್ತಿಗೆ ಎಷ್ಟೋ ಲೋಲಾಗಳು ಇರಲಿಲ್ಲ. ಮೊಮ್ಮಕ್ಕಳು ಇದ್ದರು.

ತಾಗಾಲೋಗಿನಲ್ಲಿ ಮೊಮ್ಮಗುವಿಗೆ ಅಪೋ ಎನ್ನುತ್ತಾರೆ. ಮರಿಮಗು ಮೊಣಕಾಲಿನ ಅಪೋ, ಅದರ ಮಗು ಅಂಗಾಲಿನ ಅಪೋ. ಅಜ್ಜಿಯ ಮೈಯ ಮೇಲೆಯೇ ತಲೆಮಾರುಗಳು ಇಳಿದುಬರುತ್ತವೆ, ಯಾರೂ ಮೈಬಿಟ್ಟು ಆಚೆ ಹೋಗುವುದಿಲ್ಲ. ಅದೇ ಅಪೋ ಲುಜೋನ್ ದ್ವೀಪದ ಉತ್ತರದ ಜನರಲ್ಲಿ ಹಿರಿಯರನ್ನು ಗೌರವದಿಂದ ಕರೆಯುವ ಮಾತು. ಕಲಿಂಗಾದ ಬುಸ್ಕಾಲಾನ್ ಹಳ್ಳಿಯಲ್ಲಿ ಮುಳ್ಳು, ಮಸಿ ಹಿಡಿದು ಹಚ್ಚೆ ಹಾಕುವ ವಾಂಗ್-ಓಡ್ 2023ರಲ್ಲಿ, ನೂರಾರನೆಯ ವಯಸ್ಸಿನಲ್ಲಿ ವೋಗ್ ಪತ್ರಿಕೆಯ ಫಿಲಿಪೀನ್ಸ್ ಆವೃತ್ತಿಯ ಮುಖಪುಟದಲ್ಲಿ ಕಾಣಿಸಿಕೊಂಡಾಗ ದೇಶವೆಲ್ಲ ಅಪೋ ವಾಂಗ್-ಓಡ್ ಎಂದು ಹಿಗ್ಗಿತು. ದಕ್ಷಿಣದಲ್ಲಿ ಎಳೆಯರ ಮಾತು, ಉತ್ತರದಲ್ಲಿ ಹಿರಿಯರ ಮಾತು. ಮೊಮ್ಮಗಳನ್ನು ‘ಬಾರೇ ನನ್ನವ್ವ’ ಎಂದು ತೊಡೆಗೆಳೆದುಕೊಳ್ಳುವ ನಮ್ಮ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲೋಲಾ ಬೇಬಿಯ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಗೇಟಿಗೆ ದೊಡ್ಡ ಬ್ಯಾನರು ಕಟ್ಟಿದ್ದರು. ದೀರ್ಘಾಯುಸ್ಸಿಗೆಂದು ಉದ್ದ ಎಳೆಯ ಪನ್ಸಿತ್ ಶ್ಯಾವಿಗೆ, ಬಾಳೆಲೆಯ ಮೇಲೆ ಬೇಯಿಸಿದ ಬಿಬಿಂಗ್ಕಾ, ಅಂಗಳ ತುಂಬ ಜನ. ಕೊಲ್ಲಿಯಿಂದ ಮಗಳು ರಜೆ ಹಾಕಿ ಬಂದಿದ್ದಳು. ಹೊಸದಾಗಿ ಬಂದವರೆಲ್ಲ ಮೊದಲು ಅಜ್ಜಿಯ ಮುಂದೆ ಬಾಗಿ, ‘ಮಾನೊ ಪೊ’ ಎಂದು ಆ ಸುಕ್ಕುಗೈಯನ್ನು ತಮ್ಮ ಹಣೆಗೆ ಒತ್ತಿಕೊಳ್ಳುವರು. ಅಜ್ಜಿ ದೇವರ ದಯೆ ಹಾರೈಸುವರು. ನಾನೂ, ಯಜಮಾನರೂ ಹಾಗೆಯೇ ಕೈ ಪಡೆದೆವು. ಸಾಲಿನ ಕೊನೆಯಲ್ಲಿ, ಇನ್ನೂ ಸರಿಯಾಗಿ ಮಾತು ಬಾರದ ಮೊಣಕಾಲಿನ ಅಪೋ ಒಂದು. ಅದರ ಕೈ ಹಿಡಿದು ನಿಂತ ನಮ್ಮ ಹುಡುಗಿ ‘ಹೇಳು, ಲೋಲಾ ಬೇಬಿ’ ಎಂದು ಕಲಿಸುತ್ತಿದ್ದಳು. ಮಗು ಲೋಲಾವನ್ನು ಬಿಟ್ಟು ‘ಬೇಬಿ, ಬೇಬಿ’ ಎಂದಷ್ಟೇ ಹೇಳಿತು. ಅಂಗಳವೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಜ್ಜಿ.

ಆ ರಾತ್ರಿ ನಾನು ಊರಿಗೆ ಫೋನು ಮಾಡಿ ಅಮ್ಮನನ್ನು ಕೇಳಿದೆ: ನಿನ್ನನ್ನು ತವರಿನಲ್ಲಿ ಏನೆಂದು ಕರೆಯುತ್ತಿದ್ದರು? ಅಮ್ಮ ಸ್ವಲ್ಪ ಹೊತ್ತು ತಡೆದು, “ಕೂಸು ಅಂತಿದ್ರು. ಊರಲ್ಲೆಲ್ಲ ಕೂಸಕ್ಕ. ಅಣ್ಣ ಹೋದಮೇಲೆ ಯಾರು ಕರೀತಾರೆ ಹಾಗೆ” ಎಂದಳು. ಕೂಸು. ಸಾಗರದ ಸೀಮೆಯ ಅಡಿಕೆ ತೋಟದ ನಡುವೆಯೂ ಒಬ್ಬ ಬೇಬಿ ಇದ್ದಳು.

ನನ್ನ ಮಕ್ಕಳು ಅಂದಿನಿಂದ ಅವಳನ್ನು ಕೂಸಜ್ಜಿ ಎನ್ನುತ್ತಾರೆ. ಮೊದಲ ಸಲ ಮಗಳು ಫೋನಿನಲ್ಲಿ ಹಾಗೆ ಕರೆದಾಗ ಆ ಕಡೆಯಿಂದ, “ಯಾರದು, ನಮ್ಮಣ್ಣ ಕರೆದ ಹಾಗೇ ಕರೀತಿರೋದು?” ಎಂದು ಅಮ್ಮ ಕೇಳಿದಳು. ಅವಳ ದನಿ ಹಾಗೆ ಏರಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಈಗ ವಾರಕ್ಕೊಮ್ಮೆ ನಾವು ಫೋನು ಮಾಡುವುದು ತಡವಾದರೆ ಅವಳೇ ಮಾಡುತ್ತಾಳೆ. ಹವೆ ಹೇಗಿದೆ, ಊಟ ಆಯಿತೆ ಎಂದು ನನ್ನ ಹತ್ತಿರ ಎರಡು ಮಾತಾಡಿ, “ಹುಡುಗರಿಗೆ ಕೊಡು” ಎನ್ನುತ್ತಾಳೆ. ಅವರು ಕೂಸಜ್ಜೀ ಎಂದು ಒಬ್ಬರ ಮೇಲೊಬ್ಬರು ಕೂಗುತ್ತಾರೆ, ಅವಳು ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಓಗೊಡುತ್ತಾಳೆ.